ಫಕ್ಕೀರವ್ವನ ಹೊಸ್ತಿಲು

ಹಸಿ ಬಣ್ಣದ ವಾಸನೆ, ಗೋಡೆಗೆ ನನ್ನ ಮೂವತ್ತು ಫೋಟೊ, ಬೆಟಗೇರಿಯ ಮಗ್ಗದ ಓಣಿ ಒಂದು, ಆ ಓಣಿ ಕೆಡವಿ ಎದ್ದ ಅಂಗಡಿ ಸಾಲು ಎರಡು, ಮುಂಡರಗಿ ಕಡೆಯ ತುಂಗಭದ್ರೆ ಮೂರು, ನಾಲ್ಕನೆಯ ಮೊಳೆ ಖಾಲಿ — ಯಾರು ತೆಗೆದರು, ನನ್ನ ಫೋಟೊವನ್ನು ನನಗೊಂದು ಮಾತು ಹೇಳದೆ, ಓಹೋ, ಅಲ್ಲಿದೆ, ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿಯನ್ನು ನಿಲ್ಲಿಸಿದ ಹಾಗೆ. ಪ್ರದರ್ಶನದ ಉಸ್ತುವಾರಿ ಉಡಚಪ್ಪನವರು ಕತ್ತು ಒರೆಸಿಕೊಳ್ಳುತ್ತ ಬರುತ್ತಾರೆ, ನೋಡವಾ ಫಿಜಾ, ಉದ್ಘಾಟನಾಕ ದೊಡ್ಡವರು ಬರಾಕತ್ತಾರ, ಇದರಾಗ ಆ ಹೆಣ್ಣಮಗಳ ಮಾರಿನ ಕಾಣೂದಿಲ್ಲ, ಬರೇ ಬೆನ್ನು, ಸುತ್ತ ನೀರು, ಇದರ ಬದ್ಲಿ ಹೊಸಾ ಬಸ್ ಸ್ಟ್ಯಾಂಡ್ ಹಾಕೂಣು — ಬೆನ್ನು, ಹೌದು, ಬೆನ್ನೇ, ಮುಖ ಬೇಕೆನ್ನುವ ಅದೇ ತಪ್ಪು ನಾನೂ ಮಾಡಿದ್ದೆ, ಅಬ್ಬಾನ ಸ್ಟುಡಿಯೋದಲ್ಲಿ ಬೆಳೆದವಳಲ್ಲವೆ, ಸ್ಟೂಲಿನ ಮೇಲೆ ಕೂತವರಿಗೆಲ್ಲ ಇಲ್ನೋಡ್ರಿ, ಗದ್ದ ಎತ್ರಿ ಎನ್ನುವುದನ್ನೇ ಕೇಳುತ್ತ. ಮೊನ್ನೆ ಯುಗಾದಿಯ ಬೆಳಿಗ್ಗೆ, ಬ್ಯಾರೇಜಿನ ಹಿನ್ನೀರು ತೊಡೆಮಟ್ಟಕ್ಕೆ ಇಳಿದಿತ್ತು, ಅದರಲ್ಲಿ ತನ್ನ ಊರು ಮುಳುಗಿ ಹತ್ತು ವರ್ಷವಾದರೂ ಈ ಫಕ್ಕೀರವ್ವ ಸೀರೆ ಎತ್ತಿಕಟ್ಟಿ ಹೊಳೆಗಿಳಿದಳು, ಕಾಲಿನಿಂದ ತಡವುತ್ತ, ಕಾಣದ ಓಣಿ ಹಿಡಿದು, ಎಡಕ್ಕೆ ಹೊರಳಿ, ನಿಂತು, ಸಿಕ್ತು ಎಂದಳು, ಅವಳ ಮನೆಯ ಹೊಸ್ತಿಲು, ನಾನು ದಂಡೆಯಿಂದ ಕೂಗಿದೆ, ಅವ್ವಾ, ಈ ಕಡೆ ಹೊಳ್ಳು, ಮಾರಿ ಕಾಣವಲ್ದು, ಅವಳು ಹೊಳ್ಳಲಿಲ್ಲ, ಹುಚ್ಚಿ, ಪೂಜಿ ಮಾಡೂ ಮುಂದ ಹೊಸ್ತಿಲಕ್ಕ ಬೆನ್ನ ಕೊಡ್ತಾರೇನು, ಎನ್ನುತ್ತ ಬಾಗಿ ಕುಂಕುಮದ ಕೈಯನ್ನು ನೀರೊಳಗೆ ಇಳಿಬಿಟ್ಟಳು, ಹೊಳಿ ತೊಳಕೊಂಡ ಹೋಗ್ತೈತಲ್ಲವ್ವಾ ಅಂದೆ, ಮನ್ಯಾಗಿದ್ದಾಗೂ ದಿನಾ ತೊಳದ ಹಚ್ಚತಿದ್ದೆ, ಅದಕ್ಕೇನಾತು. ನಾಚಿಕೆಯಾಯಿತು ನನಗೆ, ಕ್ಯಾಮೆರಾ ಎತ್ತಿ ಆ ಬೆನ್ನನ್ನೇ ತೆಗೆದೆ.

ಈಗ ಅದನ್ನು ಮೂಲೆಗೆ ತಳ್ಳುವುದೆಂದರೆ ಅವಳನ್ನು ಎರಡನೆಯ ಸಲ ಮನೆಯಿಂದ ಎಬ್ಬಿಸುವುದು, ಆಗದು, ನನ್ನ ಕೈಯಿಂದಂತೂ ಆಗದು, ಇದಿಲ್ಲಂದ್ರ ಮೂವತ್ತೂ ಇಲ್ರಿ, ಎಲ್ಲಾ ಇಳಿಸ್ಕೊಂಡ ಹೋಗ್ತೇನಿ, ನನ್ನ ದನಿ ಇಷ್ಟು ದೊಡ್ಡದೇ, ಕಾರ್ಪೆಂಟರು ಸುತ್ತಿಗೆ ನಿಲ್ಲಿಸಿ ನೋಡುತ್ತಾನೆ, ನೋಡಲಿ, ಉಡಚಪ್ಪನವರು ಮೆತ್ತಗಾಗುತ್ತಾರೆ, ಆತವಾ, ಕೆಳಗ ಹೊಳ್ಯಾಗ ಒಬ್ಬ ಹೆಣ್ಣಮಗಳು ಅಂತ ಬರದ ಬಿಡು, ಯಾರಿಗೂ ತ್ರಾಸಿಲ್ಲ — ಯಾರಿಗೂ ತ್ರಾಸಿಲ್ಲವಂತೆ, ಮನೆ ಕಳಕೊಂಡವಳು ಇವರ ಲೆಕ್ಕಕ್ಕೇ ಇಲ್ಲ, ಫೋಟೊ ಎತ್ತಿ ಮೊಳೆಗೆ ಹಾಕುತ್ತೇನೆ, ಪೆನ್ನು ತೆಗೆದು ಅವರೆದುರೇ ಬರೆಯುತ್ತೇನೆ, ಫಕ್ಕೀರವ್ವ, ತನ್ನ ಮನೆಯ ಬಾಗಿಲಲ್ಲಿ, ಎಲ್ಲೈತಿ ಬಾಗಲಾ ಎನ್ನುತ್ತಾರೆ, ಸರಿಯಾಗಿ ನೋಡ್ರಿ, ಆಕಿ ಕೈ ಇರೂ ಕಡೆ ಐತಿ, ಅವರು ನೋಡುತ್ತಾರೆ, ನಾನೂ, ಬಾಗಿದ ಬೆನ್ನು, ಭುಜದವರೆಗೆ ನೀರೊಳಗಿಳಿದ ಕೈ, ಆ ಕೈ, ಕೈ ಇನ್ನೂ ಮೇಲೆ ಬಂದಿಲ್ಲ