ದಾರ ಪೋಣಿಸಿದ ಸೂಜಿಗಳು

"ಅಕ್ಕಾ, ನೀವೇ ಆ ಹೆಂಗಸಾಗಿದ್ರೆ ಏನ್ ಮಾಡ್ತಿದ್ರಿ?"

ಹೊಲಿಗೆ ಅಂಗಡಿಯ ಒಡತಿ ಕಾದಂಬರಿಯ ಪುಟದ ನಡುವೆ ಬೆರಳಿಟ್ಟುಕೊಂಡು ಕೇಳಿದಳು. ಗುಂಡಿ ಹೊಲಿಯುವ ಅಕ್ಕ ಚಹಾದ ಲೋಟವನ್ನು ಬಾಯಿಂದ ಇಳಿಸಿದಳು.

ಶನಿವಾರ ಚಹಾದ ಹೊತ್ತಿಗೆ ಮಷೀನು ನಿಲ್ಲಿಸಿ ಒಡತಿ ಒಂದು ಅಧ್ಯಾಯ ಓದುವುದು, ಆಮೇಲೆ ಎಲ್ಲರೂ ಮಾತಾಡುವುದು. ಈ ಹೊಸ ಶೋಕಿ ಶುರುವಾದಾಗಲೇ ಅಕ್ಕನಿಗೆ ಅನುಮಾನ. ಕೆಲಸ ಬಿಡಿಸಿ ಕಥೆ ಹೇಳೋಕೆ ಇವಳಿಗೇನು ತಲೆ ಕೆಟ್ಟಿದೆಯೆ? ಆದರೂ ಮೊದಮೊದಲು ಹಾಯಾಗಿ ತೂಕಡಿಸಿದಳು. ಆಮೇಲೆ ಕಥೆಯೊಳಗಿನ ಟೆಲಿಫೋನ್ ಆಪರೇಟರ್ ಹೆಂಗಸಿಗೆ ಕಿವಿ ಮಂದವಾಗತೊಡಗಿತು. ಅದನ್ನು ಯಾರಿಗೂ ಹೇಳದೆ ಅವಳು ದಿನ ದೂಡತೊಡಗಿದಳು. ಅಕ್ಕನ ನಿದ್ದೆ ಹಾರಿಹೋಯಿತು.

ಯಾಕೆಂದರೆ ಅಕ್ಕನಿಗೆ ಕಣ್ಣು ಮಂಜಾಗುತ್ತಿತ್ತು. ಕಪ್ಪು ದಾರಕ್ಕೂ ಕಡುನೀಲಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದು ಸಂಜೆ ತಾನು ಗುಂಡಿ ಹಾಕಿದ ಕಪ್ಪು ಕೋಟನ್ನು ಬಾಗಿಲ ಬಿಸಿಲಿಗೆ ಹಿಡಿದರೆ, ದಾರವೆಲ್ಲ ನೀಲಿ! ನಾಳೆ ಬಿಚ್ಚಿದರಾಯಿತು ಎಂದು ಅಡಗಿಸಿಟ್ಟು ಹೋದಳು. ಬೆಳಗ್ಗೆ ಬರುವಷ್ಟರಲ್ಲಿ ಯಾರೋ ಬಿಚ್ಚಿ, ಕಪ್ಪು ದಾರದಲ್ಲೇ ಹಾಕಿದ್ದರು. ಅಂದಿನಿಂದ ಅವಳ ಸೂಜಿದಿಂಬಿನಲ್ಲಿ ದಾರ ಪೋಣಿಸಿದ ಸೂಜಿಗಳು ದಿನಾ ಸಿದ್ಧವಾಗಿರುತ್ತಿದ್ದವು.

ಇದು ಕಟಿಂಗ್ ಮಾಸ್ಟರನದೇ ಕಿತಾಪತಿ. ತನ್ನ ಸೊಸೆಯ ಕೈ ಬಹಳ ಚುರುಕು ಅಂತ ಅವನು ಹೊಗಳಿದ್ದೇ ಹೊಗಳಿದ್ದು, ಅಕ್ಕನ ಜಾಗಕ್ಕೆ ಅವಳನ್ನು ತರೋಕೇ ಇರಬೇಕು. ಗುಟ್ಟು ಹಿಡಿದು ಒಡತಿಯ ಕಿವಿಯಲ್ಲಿ ಊದಿದ್ದಾನೆ, ಇಬ್ಬರೂ ಸೇರಿ ಈ ಪುಸ್ತಕ ಹುಡುಕಿ ತಂದಿದ್ದಾರೆ. ಅಕ್ಕ ಹೀಗೆಂದುಕೊಂಡು ಒಳಗೊಳಗೇ ಕುದಿಯುತ್ತಿದ್ದಳು. ಗಾಳಿಗೆ ಹೋಗುವವಳಂತೆ ಬಾಗಿಲಿಗೆ ಹೋಗಿ ಒಂದೊಂದೇ ಸೂಜಿಯನ್ನು ಬಿಸಿಲಿಗೆ ಹಿಡಿದು ದಾರದ ಬಣ್ಣ ನೋಡಿ ಬರುತ್ತಿದ್ದಳು.

"ನಾನಾಗಿದ್ರೆ ಮೊದಲನೇ ದಿನವೇ ಹೇಳಿಬಿಡ್ತಿದ್ದೆ," ಅಂದಳು ಮಷೀನಿನ ಮುಂದೆ ಕೂತಿದ್ದ ಬಾಯಿಬಡುಕಿ ಹುಡುಗಿ.

ಅಕ್ಕ ಲೋಟ ಕುಕ್ಕಿದಳು. "ಹೇಳಿಬಿಡ್ತಾಳಂತೆ! ಹೇಳಿದ್ರೆ ಮನೇಲಿ ಒಲೆ ಯಾರು ಹಚ್ತಾರೆ, ನಿಮ್ಮಪ್ಪಾನಾ?" ಒಡತಿಯ ಕಡೆ ತಿರುಗಿದಳು. "ಅಮ್ಮಾ, ಸುತ್ತಿಬಳಸಿ ಯಾಕೆ ಕೇಳ್ತೀರಿ? ತೆಗೀಬೇಕು ಅಂದ್ರೆ ತೆಗೆದುಹಾಕಿ, ಹೋಗ್ತೀನಿ!"

ಒಡತಿ ಕಕ್ಕಾಬಿಕ್ಕಿಯಾದಳು. "ಯಾರನ್ನ ತೆಗೆಯೋದು? ನಾನು ಕಥೆ ಬಗ್ಗೆ ಕೇಳಿದ್ದು ಕಣಕ್ಕಾ."

ಆ ಮುಖದಲ್ಲಿ ನಾಟಕವಿರಲಿಲ್ಲ. ಅಯ್ಯೋ, ಇವಳಿಗೆ ಏನೂ ಗೊತ್ತೇ ಇಲ್ಲ! ಅಕ್ಕ ಮಾತು ಮರೆಸಲು ಮಡಿಲಿಗೆ ಕಪ್ಪು ಕೋಟು ಎಳೆದುಕೊಂಡು, ಸೂಜಿದಿಂಬಿಗೆ ಕೈಹಾಕಿ, ಸಿಕ್ಕ ಸೂಜಿಯನ್ನು ಗುಂಡಿಗೆ ಚುಚ್ಚಿದಳು.

"ಅಲ್ಲಮ್ಮಾ, ಅದು ನೀಲಿ!" ಕಟಿಂಗ್ ಮಾಸ್ಟರ್ ಮೇಜಿನ ಆಚೆಯಿಂದ ರೇಗಿದ. "ಬಲಗಡೆ ಕಪ್ಪು, ಎಡಗಡೆ ನೀಲಿ ಅಂತ ದಿನಾ ಬೆಳಗ್ಗೆ ಬಂದು ಚುಚ್ಚಿಡ್ತೀನಿ. ಇನ್ನೂ ಗೊತ್ತಾಗಿಲ್ವಾ ನಿಂಗೆ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕತ್ತರಿ ಎತ್ತಿಕೊಂಡು ಬಟ್ಟೆಯೇ ಇಲ್ಲದ ಮೇಜಿನ ಮೇಲೆ ಬಗ್ಗಿದ.

ಒಡತಿ ಅಕ್ಕನ ಕಣ್ಣುಗಳನ್ನು ನೋಡಿದಳು, ಕೋಟು ನೋಡಿದಳು. ಅಕ್ಕ ತಲೆ ಎತ್ತಲಿಲ್ಲ. ಹೋಯಿತು, ಎಲ್ಲ ಮುಗಿಯಿತು ಅನ್ನಿಸಿ ಅಳು ಒತ್ತರಿಸಿ ಬಂತು.

ಪುಸ್ತಕ ಮುಚ್ಚಿದ ಸದ್ದಾಯಿತು.

"ಮಾಸ್ಟ್ರೇ," ಅಂದಳು ಒಡತಿ, "ನಿಮ್ಮ ಮೇಜಿನ ದೀಪ ಅಕ್ಕನ ಕಡೆ ತಳ್ಳಿ."

ದೀಪ ಕಿರ್ರೆಂದು ಮೇಜಿನುದ್ದಕ್ಕೂ ಸರಿದು ಬಂತು. ಅಕ್ಕ ಕೈಯಲ್ಲಿದ್ದ ಸೂಜಿಯನ್ನು ಎಡಗಡೆ ಚುಚ್ಚಿ, ಬೆರಳಿನಿಂದ ತಡವಿ, ಬಲಗಡೆಯದನ್ನು ತೆಗೆದುಕೊಂಡಳು.