ಹತ್ತು ಮನೆ ಬಿಸಿಲು

ಗೋವಿಂದರಾಜನಗರದ ಆ ಅಡ್ಡರಸ್ತೆಯಲ್ಲಿ ಟೈಲರ್ ಕುಸುಮಾ ಹತ್ತದ ಮೆಟ್ಟಿಲಿಲ್ಲ. ರವಿಕೆ ಅಳತೆ ತೆಗೆಯುವಾಗಲೂ ಅವಳ ಬಾಯಲ್ಲಿ ಸೋಲಾರೇ. ಹತ್ತು ಮನೆ ಒಟ್ಟಿಗೆ ಒಪ್ಪಿದರೆ ಕಂಪನಿಯವರು ಈ ತಿಂಗಳೇ ಬಂದು ಪ್ಯಾನೆಲ್ ಕೂರಿಸುತ್ತಾರೆ. ಇಲ್ಲದಿದ್ದರೆ ಮುಂದಿನ ವರ್ಷದ ಮಾತು. ಎಂಟು ಮನೆ ಒಪ್ಪಿದ್ದವು. ಉಳಿದವರು ಫ್ಲೋರ್ ಮಿಲ್ ವೆಂಕಟಸ್ವಾಮಿ, ಮತ್ತೆ ಅವರು ಹೂಂ ಅನ್ನದೆ ಮನೆಗೆ ಸುಣ್ಣವನ್ನೂ ಹೊಡೆಸದ ಚನ್ನಕೇಶವ.

ಕಣ್ಣಾರೆ ನೋಡಿದರೇ ಒಪ್ಪೋದು ಅಂದಿದ್ದರು ವೆಂಕಟಸ್ವಾಮಿ. ಸರಿ, ಭಾನುವಾರ ಹನ್ನೊಂದಕ್ಕೆ ಬನ್ನಿ ಅಂದಳು. ಅವಳ ತಾರಸಿಯಲ್ಲಿ ಮೊದಲೇ ಕೂರಿಸಿದ್ದ ಪ್ಯಾನೆಲ್ಲುಗಳು ಆ ಹೊತ್ತಿಗೆ ಎರಡು ಕಿಲೋವ್ಯಾಟ್ ದಾಟಿರುತ್ತವೆ. ಆದರೆ ಅವತ್ತು ಅವರು ಬಂದು ನಿಂತಾಗ ಮೊಬೈಲಿನ ಸೋಲಾರ್ ಆ್ಯಪ್ ತೋರಿಸಿದ್ದು ಬರೀ ಪಾಯಿಂಟ್ ಆರು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ.

"ನನ್ನ ಮಿಷಿನ್ನು ಸ್ವಿಚ್ ಹಾಕಿದ್ರೆ ತಿರುಗುತ್ತಮ್ಮ. ನಿಂದು ಮೂಡ್ ನೋಡ್ಕೊಂಡು ತಿರುಗುತ್ತೆ," ಅಂದರು ವೆಂಕಟಸ್ವಾಮಿ.

ದಸರಾ ಹೊಲಿಗೆ ಗಡಿಬಿಡಿಯಲ್ಲಿ ಅವಳು ವಾರದಿಂದ ತಾರಸಿ ಕಡೆಗೇ ಹೋಗಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು, ಹಿಂದೆಯೇ ವೆಂಕಟಸ್ವಾಮಿ. ನೋಡಿದರೆ, ಒಂದೊಂದು ಪ್ಯಾನೆಲ್ಲಿಗೂ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ವಿಭೂತಿ, ನಡುವೆ ಅಂಗೈಯಗಲ ಕುಂಕುಮ, ಮೇಲೆ ಬಾಡಿದ ಚೆಂಡುಹೂವಿನ ಹಾರ!

ಮಂಡಿ ಹಿಡಿದುಕೊಂಡು ಹಿಂದೆ ಹತ್ತಿ ಬಂದ ಅತ್ತೆ ವೆಂಕಟಲಕ್ಷ್ಮಮ್ಮನಿಗೆ ಸೊಸೆಯ ಮುಖ ನೋಡಿಯೇ ಗೊತ್ತಾಯಿತು.

"ಆಯುಧಪೂಜೆ ದಿನ ಸ್ಕೂಟರಿಗೆ ಮಾಡ್ದೆ, ನಿನ್ನ ಹೊಲಿಗೆ ಮಿಷಿನ್ನಿಗೆ ಮಾಡ್ದೆ. ದಿನಾ ಬಿಸಿಲಲ್ಲಿ ದುಡಿಯೋದು ಇದು ಕಣೇ, ಇದನ್ನ ಬಿಡಕ್ಕಾಗುತ್ತಾ?"

ಕುಸುಮಾ ಮೊಬೈಲನ್ನು ವೆಂಕಟಸ್ವಾಮಿ ಕೈಗೆ ತುರುಕಿ ಸೆರಗು ಸಿಕ್ಕಿಸಿದಳು. ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೆ ಪಕ್ಕದವುಗಳ ಕರೆಂಟೂ ಇಳಿದುಹೋಗುತ್ತೆ ಅಂತ ಹೇಳುತ್ತಲೇ ಹಾರ ಕಿತ್ತಳು. ಅತ್ತೆ ಆ ಹೂವನ್ನು ಕಣ್ಣಿಗೊತ್ತಿಕೊಂಡು ಬುಟ್ಟಿಗೆ ಹಾಕಿದರು, ಬಕೆಟ್ಟು ತಂದುಕೊಟ್ಟರು. ಒದ್ದೆ ಬಟ್ಟೆ ಓಡಿದ ಹಾಗೆಲ್ಲ ವೆಂಕಟಸ್ವಾಮಿ ಕ್ರಿಕೆಟ್ ಸ್ಕೋರಿನ ಹಾಗೆ ಕೂಗತೊಡಗಿದರು. ಒಂದು. ಒಂದೂವರೆ. ಒಂದು ಪಾಯಿಂಟ್ ಒಂಬತ್ತು. ಕೊನೇ ಸಾಲಿಗೆ ತಡೆಯಲಾರದೆ ತಾವೇ ಪಂಚೆ ಎತ್ತಿ ಕಟ್ಟಿ, ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ಉಜ್ಜಿದರು.

ಎರಡು ಪಾಯಿಂಟ್ ಮೂರು.

ಬೆವರು ಒರೆಸಿಕೊಳ್ಳುತ್ತಾ ಅವರು ಎದುರಿನ ತಮ್ಮ ಮಿಲ್ಲಿನ ಬೋಳು ತಾರಸಿಯನ್ನೇ ನೋಡಿದರು. "ಅಲ್ಲೂ ಇಷ್ಟೇ ಬಿಸಿಲು ಬೀಳ್ತಾ ಇದೆ ಅಲ್ವೇನಮ್ಮ?"

ಕುಸುಮಾ ಹೂಂ ಅನ್ನುವಷ್ಟರಲ್ಲಿ ಅವರು ಪ್ಯಾರಪೆಟ್ ಗೋಡೆ ಮೇಲೆ ಬಗ್ಗಿದ್ದರು. ಕೆಳಗೆ ಚನ್ನಕೇಶವ ಸ್ಕೂಟರಿನಲ್ಲಿ ಸೊಪ್ಪು ತರಲು ಹೊರಟಿದ್ದ.

"ಲೋ, ಗಾಡಿ ಆಫ್ ಮಾಡು. ಮೇಲೆ ಬಾ, ಸೈನ್ ಹಾಕೋದಿದೆ."