ಶೇವಂತೆವ್ವನ ಪಾಳಿ

ಇಂಡಿ ಊರಿನ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಶುಕ್ರವಾರದ ಪ್ರಾರ್ಥನೆ ಮನೆಯಿಂದ ಮನೆಗೆ ತಿರುಗುತ್ತಿತ್ತು. ಯಾರ ಮನೆಯಲ್ಲಿ ಪ್ರಾರ್ಥನೆಯೋ ಅವರೇ ಬಂದವರಿಗೆ ಉಣಬಡಿಸುವುದು ರೂಢಿ. ಹಾಡು ಮುಗಿದ ಮೇಲೆ ಆ ಮನೆಯ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಡಿಸುತ್ತ ಓಡಾಡುವಾಗ ಅವಳ ಮುಖವೇ ಬೇರೆಯಾಗಿರುತ್ತಿತ್ತು. ದೇವರು ಒಳಗೆ ಬಂದು ಕೂತಿದ್ದಾನೆ, ಬರಿಗೈಲಿ ನಿಲ್ಲುವುದು ಹೇಗೆ ಅನ್ನುವಂಥ ಮುಖ. ಶೇವಂತೆವ್ವ ಅದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದಳು.

ಅವಳ ಮನೆಗೆ ಮಾತ್ರ ಪಾಳಿ ಬರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಿಂಬೆಹಣ್ಣು ಆರಿಸುವ ಕೂಲಿ ಮಾಡಿಕೊಂಡು ಒಂದೇ ಕೋಣೆಯ ತಗಡಿನ ಮನೆಯಲ್ಲಿ ಇದ್ದಳು. ಓಣಿಯ ತುದಿಯ ಟೀಚರ್ ಭಾಗ್ಯಾಳ ಮನೆ ಆದಮೇಲೆ ಪ್ರಾರ್ಥನೆ ಇವಳ ಬಾಗಿಲು ದಾಟಿ ಮುಂದಿನ ಓಣಿಗೆ ಹೋಗಿಬಿಡುತ್ತಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅದು ಗೊತ್ತಿದ್ದರಿಂದಲೇ ಜಗಳ ಆಡಲೂ ಬರುತ್ತಿರಲಿಲ್ಲ.

ಕಡೆಗೊಂದು ದಿನ ಪಾಸ್ಟರರ ಹೆಂಡತಿ ಕೋಮಲಳನ್ನು ನಿಲ್ಲಿಸಿ ಕೇಳಿದಳು.

"ಅಮ್ಮಾರ, ಎಲ್ಲಾರ ಮನಿಗೂ ಹೋಗೋ ದೇವರು ನನ್ನ ಬಾಗಲಕ್ಕ ಬಂದಾಗ ಯಾಕ ತಿರುಗಿ ಹೋಗ್ತಾನ್ರಿ?"

ಕೋಮಲ ಗಲಿಬಿಲಿಗೊಂಡಳು. "ನಿಮಗ ಭಾರ ಆಗಬಾರದು ಅಂತ, ಅವ್ವಾ."

"ಭಾರ ಅಂದ್ರ ಏನು ನನಗ ಗೊತ್ತೈತ್ರಿ. ಇದು ಭಾರ ಅಲ್ಲ."

ಮುಂದಿನ ಶುಕ್ರವಾರ ಅವಳ ಮನೆ ಎಂದು ನಿಗದಿಯಾಯಿತು. ಶೇವಂತೆವ್ವ ಆ ದಿನ ಕೂಲಿಗೆ ಹೋಗಲಿಲ್ಲ. ಗೋಡೆಯಾಚೆಯ ಫಿರದೋಸಳಿಂದ ದೊಡ್ಡ ಬೋಗಾಣಿ ತಂದು, ಗೋಧಿ ಕುಟ್ಟಿ, ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಒಬ್ಬಳಿಗೇ ಅಡುಗೆ ಮಾಡಿಕೊಂಡು ಬಂದವಳಿಗೆ ಅಳತೆ ಮರೆತಿತ್ತು. ಹುಗ್ಗಿ ಬೋಗಾಣಿಯ ಕಂಠದವರೆಗೆ ಬಂತು. ತನ್ನಷ್ಟಕ್ಕೆ ನಕ್ಕಳು.

ಸಂಜೆ ಹೆಂಗಸರು ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಬ್ಬಿ. ಅನ್ನ, ಪಲ್ಯ, ರೊಟ್ಟಿ. ಮುದುಕಿಗೆ ತ್ರಾಸಾಗದಿರಲಿ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಡಬ್ಬಿಗಳು ಗೋಡೆಗುಂಟ ಸಾಲಾಗಿ ಕೂತವು.

ಹಾಡು ಶುರುವಾಯಿತು. ಶೇವಂತೆವ್ವನ ಬಾಯಿ ಹಾಡುತ್ತಿತ್ತು, ಕಣ್ಣು ಡಬ್ಬಿಗಳ ಮೇಲಿತ್ತು. ಇವತ್ತೂ, ನನ್ನ ಮನೆಯಲ್ಲೇ, ಬಡಿಸುವವಳಾಗದೆ ಉಣ್ಣುವವಳಾದೆನಲ್ಲ ಅನ್ನಿಸಿತು. ಬೇಡ ಅಂದರೆ ಬಂದವರ ಮುಖ ಸಣ್ಣದಾಗುತ್ತದೆ. ಪ್ರಾರ್ಥನೆ ಮುಗಿದಾಗ ಭಾಗ್ಯಾ ತನ್ನ ಡಬ್ಬಿ ಎತ್ತಿಕೊಂಡು ಮುಚ್ಚಳ ತೆಗೆದು, ಬದನೆಕಾಯಿ ಬಿಸಿ ಇದೆ ಎಂದಳು. ಆಗ ಶೇವಂತೆವ್ವ ಅವಳ ಮುಖ ನೋಡಿದಳು. ಬಡಿಸುವ ಹೆಂಗಸರ ಅದೇ ಮುಖ. ತಾನು ಇಷ್ಟು ದಿನ ಬೇಡುತ್ತಿದ್ದದ್ದು ಅದನ್ನೇ. ಅದನ್ನು ಅವಳಿಂದ ಕಸಿದುಕೊಳ್ಳುವುದು ಹೇಗೆ?

"ಇಡವ್ವಾ," ಅಂದಳು. "ಮೊದಲ ನನ್ನ ಹುಗ್ಗಿ ಉಣ್ರಿ. ನಿಮ್ಮದು ನನಗಿರಲಿ."

ಸೆರಗು ಸಿಕ್ಕಿಸಿಕೊಂಡು ಬಡಿಸಿದಳು. ಸಾಕು ಅಂದವರ ಕೈ ಸರಿಸಿ ಮತ್ತೆ ಬಡಿಸಿದಳು. ಅವರು ಉಣ್ಣುವಷ್ಟರಲ್ಲಿ ಡಬ್ಬಿಗಳನ್ನು ತನ್ನ ಪಾತ್ರೆಗಳಿಗೆ ಬರಿದುಮಾಡಿ ತೊಳೆದು, ಎಲ್ಲವಕ್ಕೂ ಹುಗ್ಗಿ ತುಂಬಿದಳು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿ ಆ ಕಡೆ ಯಾರ ಮನೆಯಲ್ಲೂ ಇರಲಿಲ್ಲ.

ಭಾಗ್ಯಾ ಡಬ್ಬಿ ತೂಗಿ ನೋಡಿದಳು. "ಹಿಂಗ ತುಂಬಿ ಕೊಟ್ರ ನಾ ಮತ್ತ ತುಂಬಿ ತರಬೇಕಾಗ್ತೈತಲ್ಲ, ಆಯಿ."

"ತಾ. ಮನಿ ದಾರಿ ಈಗ ಗೊತ್ತಾತಲ್ಲ."

ಎಲ್ಲರೂ ಹೋದರು. ಉಳಿದಿದ್ದ ಹುಗ್ಗಿಯನ್ನು ಬೋಗಾಣಿಯಲ್ಲೇ ಬಿಟ್ಟು, ಅದನ್ನು ಹಾಗೇ ಫಿರದೋಸಳಿಗೆ ಮುಟ್ಟಿಸಿ ಬಂದಳು. ತಾನು ಒಂದು ತುತ್ತೂ ರುಚಿ ನೋಡಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಭಾಗ್ಯಾಳ ಪಲ್ಯ ಹಾಕಿಕೊಂಡು ರೊಟ್ಟಿ ಮುರಿದಳು. ಉಪ್ಪು ಒಂದಿಷ್ಟು ಮುಂದಾಗಿತ್ತು. ಎಲ್ಲವನ್ನೂ ಉಂಡಳು.